ಹಾಲುಗಾಳಿನ ದಾಹ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! (ಕಳೆದ ವಾರದ ಅಂಕಣದಲ್ಲೂ ಇದನ್ನೇ ಬರೆದಿದ್ದೆ. ಏನು ಮಾಡಲಿ, ಪೆನ್ನು ಹಿಡಿದರೆ ಇದೇ ಬರುತ್ತದೆ.)

ನಗರದ ಖೂಬಾ ಪ್ಲಾಟ್ ಬಡಾವಣೆಯ ಮನೆಯಲ್ಲಿ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡರೆ ಕಣ್ಣು ತಾನಾಗಿ ಮುಚ್ಚುತ್ತದೆ. ಮುಚ್ಚಿದರೆ ಕಮಲಾಪುರದ ನಮ್ಮ ಗೋಧಿ ಹೊಲ. ಗಾಳಿಗೆ ಬಗ್ಗಿ ಏಳುವ ತೆನೆಗಳು. ಕೇಳಿಸುವುದು ಕೂಸಿನ ಉಸಿರೋ, ಹೊಲದ ಉಸಿರೋ?

ಎಳ್ಳು ಅಮಾವಾಸ್ಯೆಗೆ, ಅಂದರೆ ನಮ್ಮ ಎಳ್ಳಮಾಸಿಗೆ, ಆ ಹೊಲದಲ್ಲಿ ಚರಗದ ನೈವೇದ್ಯ ಚೆಲ್ಲಿ ಬಂದಿದ್ದೆವು. ಭೂತಾಯಿ ಬಸಿರು, ಅವಳಿಗೆ ಕಡಬು, ಭಜ್ಜಿ ಉಣಿಸುವ ಹಬ್ಬ ಅದು. ಗೋಧಿ ಆಗ ಹೂವಿನಲ್ಲಿತ್ತು. ಮಗಳು ಸುವರ್ಣಾಗೂ ದಿನ ತುಂಬಿತ್ತು. ಇಬ್ಬರಿಗೂ ನಾನೇ ಬಡಿಸಿದೆ.

ಅವಳ ಹೆರಿಗೆಯಾದ ಮೇಲೆ ಮತ್ತೆ ಹೊಲಕ್ಕೆ ಹೋದೆ. ಗೋಧಿಯ ಕೆಳಗಿನ ಎಲೆ ಹಳದಿ. ನೆಲದಲ್ಲಿ ಬಿರುಕು. ಮಗ ಶಿವು ಬಾವಿಯ ನೀರನ್ನೆಲ್ಲ ಪಕ್ಕದ ಕೆಂಪುಬಾಳೆ ತೋಟಕ್ಕೆ ತಿರುಗಿಸಿದ್ದ.

"ಹೂವ ಉದುರ್ಯಾವಲ್ಲವ್ವಾ, ಕಾಳು ಕಟ್ಯಾದ. ಇನ್ಯಾಕ ನೀರು?" ಎಂದ.

ಒಂದು ಕಾಳು ಬಿಡಿಸಿ ಅವನ ಅಂಗೈಯಲ್ಲೇ ಹಿಚುಕಿದೆ. ಬಿಳಿ ಹಾಲು ಜಿನುಗಿತು.

"ಇದು ಕಾಳೇನೋ ಶಾಣ್ಯಾ? ಇನ್ನಾ ಹಾಲು ಅದ. ತುಂಬೂ ಹೊತ್ತಿನ್ಯಾಗ ಬಾಯಿ ಒಣಗಿಸಿದ್ರ ಬರೇ ಹೊಟ್ಟು ರಾಶಿ ಮಾಡ್ತಿ ನೋಡು!"

(ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೆ ಸೊರಗಿದ ಗೋಧಿಯನ್ನು ಬೀಸಿದ್ದೇನೆ. ತೆನೆಯ ತುಂಬ ಕಾಳೇನೋ ಇರುತ್ತವೆ, ಒಳಗೆ ಹಿಟ್ಟೇ ಇರುವುದಿಲ್ಲ.)

"ಬಾಳಿ ಒಣಗಿದ್ರ ನೀನೇ ಹೊಣಿ," ಎಂದು ಗೊಣಗುತ್ತಲೇ ಶಿವು ಪೈಪ್ ತಿರುಗಿಸಿದ. ಸಾಲಿಗೆ ನೀರಿಳಿಯುವ ಸದ್ದಿಗೆ ಬದುವಿನ ಮೇಲೇ ನನಗೆ ಜೋಂಪು ಹತ್ತಿತು.

ಮನೆಗೆ ಬಂದು ಇದನ್ನೆಲ್ಲ ಸುವರ್ಣಾಗೆ ಜಂಬದಿಂದ ಹೇಳಿದೆ. ಅವಳು ಕೂಸಿಗೆ ಹಾಲೂಡಿಸುತ್ತಿದ್ದಳು. ಕೂಸು ಮೊಲೆ ಬಿಟ್ಟು ಚೀರಿತು. ಹಾಲು ಸಾಲುತ್ತಿಲ್ಲ, ಹುಟ್ಟಿದಾಗಿನಿಂದ ಇದೇ ಗೋಳು.

"ಅವ್ವಾ, ಗೋಧಿಗಿ ಈಗೇ ನೀರು ಬೇಕಂದಿ?"

"ಹೂಂ ಮತ್ತ, ಹಾಲುಗಾಳು ಅಲ್ಲೇನು?"

"ಹಂಗಾರ ನನಗ? ಹೊತ್ತಿಗಿ ಅರ್ಧ ಲೋಟ ಬಿಸಿನೀರು ಕೊಡ್ತಿ. ಕೇಳಿದ್ರ ಬಾಣಂತಿ ಹೊಟ್ಟಿ ಡೊಳ್ಳಾಗ್ತದ ಅಂತಿ. ಡಾಕ್ಟರಮ್ಮ ಭಾಳ ನೀರು ಕುಡಿ ಅಂದಾರ, ನೀ ಕೇಳ್ತಿಯೇನು? ನಾ ನಿನ್ನ ಹೊಲಕ್ಕಿಂತ ಕಡಿಮಿ ಏನವ್ವಾ?"

ಬಾಣಂತಿಗೆ ನೀರು ಕಮ್ಮಿ ಕೊಡಬೇಕೆಂದು ನಮ್ಮವ್ವ ಹೇಳಿದ್ದಳು, ಅವಳಿಗೆ ಅವಳವ್ವ ಹೇಳಿದ್ದಳು. ಬಸಿರಿಗೆ ಹಬ್ಬ ಮಾಡುವ ನಾವು, ಹಾಲು ತುಂಬುವ ಹೊತ್ತಿಗೆ ನೀರು ನಿಲ್ಲಿಸಿಬಿಡುತ್ತೇವಲ್ಲ?

ತಂಬಿಗೆ ತುಂಬ ನೀರು ತಂದೆ. ಗಟಗಟ ಕುಡಿದಳು. ಇನ್ನೊಂದು ತಂದೆ.

ಈಗ ಕೂಸಿನ ಗಲ್ಲ ತುಂಬಿಕೊಳ್ಳುತ್ತಿದೆ. ಹೊಲದಲ್ಲಿ ಗೋಧಿಯೂ. ಬದುವಿನ ಪಕ್ಕದ ಸಾಲು ಮಾತ್ರ ನೀರು ಮುಟ್ಟುವಷ್ಟರಲ್ಲಿ ಸೊರಗಿಬಿಟ್ಟಿತ್ತು. ಆ ತೆನೆಗಳನ್ನು ಕಂಡಾಗೆಲ್ಲ ಮಗಳ ಒಣ ತುಟಿ ಕಣ್ಣೆದುರು ಬರುತ್ತದೆ.

ಅಂದಹಾಗೆ, ನಿಮ್ಮ ಮನೆಯ ಬಾಣಂತಿ ಇವತ್ತು ನೀರು ಕುಡಿದಳೇ?