ಸಮುದ್ರಕ್ಕೆ ಆಚೆ ದಂಡೆ ಬರೆದ ಇಮಾಮಸಾಬ್ ಚಾಚಾ

ಇಮಾಮಸಾಬ್ ಚಾಚಾ ಯಾರನ್ನೇ ಆಗಲಿ ಮೊದಲು ನೋಡುತ್ತಿದ್ದದ್ದು ಮುಖವನ್ನಲ್ಲ, ನೆರಳನ್ನು. ಅವರ ಸ್ಟುಡಿಯೋದ ಮೆಟ್ಟಿಲ ಮುಂದೆ ನಿಂತು ನೀವು ನಮಸ್ಕಾರ ಎಂದರೆ ಅವರ ಕಣ್ಣು ಸೀದಾ ನಿಮ್ಮ ಕಾಲಬುಡಕ್ಕೆ ಹೋಗುತ್ತಿತ್ತು. ನೆರಳು ಗಿಡ್ಡವಾಗಿದ್ದರೆ ಮುಖ ಸಿಂಡರಿಸುತ್ತಿದ್ದರು, ಉದ್ದವಾಗಿದ್ದರೆ ಚಹಾ ತರಿಸುತ್ತಿದ್ದರು. ಗೊರೇಬಾಳದ ರೈತರೊಬ್ಬರು ಮಟಮಟ ಮಧ್ಯಾಹ್ನ ಹೊಸ ಟ್ರ್ಯಾಕ್ಟರಿಗೆ ಹಾರ ಹಾಕಿಕೊಂಡು ಫೋಟೋಕ್ಕೆ ಬಂದಿದ್ದರು. "ನೆಳ್ಳು ಉದ್ದಾದ ಮ್ಯಾಲ ಬರ್ರಿ. ಈಗ ತಗದ್ರ ನಿಮ್ಮ ಮೂಗಷ್ಟ ಬರ್ತೈತಿ" ಎಂದು ಚಾಚಾ ಅವರನ್ನು ವಾಪಸು ಕಳಿಸಿದರು. ಆ ಮನುಷ್ಯ ಬೈದುಕೊಂಡು ಹೋದರು, ಆದರೆ ಐದು ಗಂಟೆಗೆ ಮತ್ತೆ ಬಂದರು.

ಸಿಂಧನೂರಿನಲ್ಲಿ ಅವರ ಸ್ಟುಡಿಯೋಕ್ಕೂ ನನ್ನ ಬೀಜ-ಗೊಬ್ಬರದ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಕಾಲುವೆಗೆ ನೀರು ಬಿಡುವ ತನಕ ಗೊಬ್ಬರದ ಅಂಗಡಿಯವನಿಗೆ ನೊಣ ಹೊಡೆಯುವುದೇ ಕೆಲಸ. ಹಾಗಾಗಿ ನನ್ನ ವ್ಯಾಪಾರಕ್ಕಿಂತ ಅವರ ವ್ಯಾಪಾರವನ್ನೇ ನಾನು ಹೆಚ್ಚು ನೋಡಿದ್ದೇನೆ. ಚಾಚಾ ಹುಟ್ಟಿದ್ದು ಲಿಂಗಸುಗೂರಿನಲ್ಲಿ. ಅಲ್ಲಿ ಬೋರ್ಡು ಬರೆಯುವ ಪೇಂಟರ್ ಒಬ್ಬರ ಕೈಕೆಳಗೆ ಬಣ್ಣ ಕಲಿತು, ಆಮೇಲೆ ಕ್ಯಾಮೆರಾ ಹಿಡಿದು, ಸಿಂಧನೂರಿಗೆ ಬಂದು ನೆಲೆಸಿದವರು. ಮದುವೆ, ವಿಡಿಯೋ ಎಲ್ಲ ಮಗ ರಫೀಕನ ಪಾಲಿಗೆ ಬಂದಮೇಲೂ ಬೆಳಕಿನ ವಿಷಯದಲ್ಲಿ ಮಾತ್ರ ಅವರ ಮಾತೇ ಕೊನೆ. "ಬೆಳಕು ಬಾಡಿಗಿ ಸಿಗಂಗಿಲ್ಲಪಾ, ಕಾಯಬೇಕು" ಎನ್ನುತ್ತಿದ್ದರು. ಕಾದು ಕಾದು ತೆಗೆಯುವುದು ಒಂದೇ ಫೋಟೋ. ರೀಲಿನ ಕಾಲದ ಆ ಚಟ, ಮಗ ಡಿಜಿಟಲ್ ಕ್ಯಾಮೆರಾ ಕೊಡಿಸಿದ ಮೇಲೂ ಬಿಡಲಿಲ್ಲ.

ಮಸ್ಕಿಯ ಗುಡ್ಡವನ್ನು ಚಾಚಾ ಲೆಕ್ಕವಿಲ್ಲದಷ್ಟು ಸಲ ತೆಗೆದಿದ್ದರು ಎಂದು ನೀವು ಅಂದುಕೊಂಡರೆ ತಪ್ಪು. ತೆಗೆದದ್ದು ನಾಲ್ಕೇ ಸಲ, ಕಾದದ್ದಕ್ಕೆ ಲೆಕ್ಕವಿಲ್ಲ. ಒಂದು ಮಳೆಗಾಲದ ಸಂಜೆ ನನ್ನ ಅಂಗಡಿಯ ಮುಂದೆ ಬಂದು ನಿಂತು, ಆಕಾಶ ನೋಡುತ್ತಲೇ ಗಾಡಿ ತೆಗಿ ಎಂದರು. ಮೂಡಲಕ್ಕೆ ಮೋಡ ಕಪ್ಪಾಗಿ ಕಟ್ಟಿತ್ತು, ಪಡುವಲಕ್ಕೆ ಒಂದು ಸೀಳು ತೆರೆದಿತ್ತು. ಬೈಕಿನ ಮೇಲೆ ಮಸ್ಕಿ ಮುಟ್ಟುವಷ್ಟರಲ್ಲಿ ಇಬ್ಬರೂ ತೊಯ್ದು ತೊಪ್ಪೆಯಾಗಿದ್ದೆವು. ಗುಡ್ಡಕ್ಕೆ ಪಡುವಲದ ಹೊಲವೊಂದರ ಬದುವಿನ ಮೇಲೆ ಸ್ಟ್ಯಾಂಡ್ ಊರಿ ಕೂತರು. ನಾನು ತಂದ ಮಂಡಕ್ಕಿ ಪೂರಾ ನನ್ನ ಹೊಟ್ಟೆಗೇ ಹೋಯಿತು, ಅವರು ಕೈ ಹಚ್ಚಲಿಲ್ಲ.

ಸೂರ್ಯ ಮೋಡದ ಕೆಳಗಿನಿಂದ ಇಣುಕಿದ. ಕರಿ ಆಕಾಶದ ಮುಂದೆ ಗುಡ್ಡದ ಬಂಡೆಗಳೆಲ್ಲ ಹೊಸ ಬೆಲ್ಲದ ಬಣ್ಣಕ್ಕೆ ತಿರುಗಿದವು. ತೆಗೀರಿ ತೆಗೀರಿ ಎಂದು ನಾನು ಬಡಕೊಂಡೆ. ಬಂಡೆಗಳ ಸಂದಿನಲ್ಲಿ ಇನ್ನೂ ನೆರಳು ಬಿದ್ದಿಲ್ಲ, ಈಗ ತೆಗೆದರೆ ಗುಡ್ಡ ಹಂಚಿನ ಹಾಗೆ ಚಪ್ಪಟೆ ಬರುತ್ತದೆ ಎಂದು ಅವರು ಸುಮ್ಮನೆ ಕೂತರು. ಸೂರ್ಯ ಇನ್ನೂ ಇಳಿದ, ಒಂದೊಂದು ಬಂಡೆಯೂ ಬೇರೆ ಬೇರೆ ಎದ್ದು ನಿಂತಿತು, ಆಗ ಒಂದು ಸಲ ಒತ್ತಿದರು. ಮರುಕ್ಷಣ ಸೀಳು ಮುಚ್ಚಿತು. ತಾಳಿದವನು ಬಾಳಿಯಾನು ಎಂದು ನಮ್ಮಜ್ಜ ಹೇಳುತ್ತಲೇ ಇದ್ದರು, ಆದರೆ ಹಾಗೆ ತಾಳಿದವರನ್ನು ನಾನು ಕಂಡದ್ದು ಅವತ್ತೇ. ಆ ಫೋಟೋ ನನ್ನ ಅಂಗಡಿಯಲ್ಲಿದೆ. ಯೂರಿಯಾಕ್ಕೆ ಬಂದವರು ಅದನ್ನು ನೋಡಿ ಯಾವ ದೇಶ ಎಂದು ಕೇಳುತ್ತಾರೆ. ಕೇಳಿದವರಲ್ಲಿ ಮಸ್ಕಿಯವರೂ ಇದ್ದಾರೆ.

ಇಂಥ ಮನುಷ್ಯನ ಸ್ಟುಡಿಯೋದಲ್ಲಿ ಒಂದು ಪರದೆ ಇತ್ತು. ವಯಸ್ಸಿನಲ್ಲಿದ್ದಾಗ ಅವರೇ ಬರೆದದ್ದು: ನೀಲಿ ಸಮುದ್ರ, ತೆರೆಗಳು, ಕೆಂಪು-ಬಿಳಿ ಪಟ್ಟೆಯ ಒಂದು ಲೈಟ್‌ಹೌಸ್. ಸಿಂಧನೂರು, ಬಳಗಾನೂರು, ಪಾಮನಕಲ್ಲೂರಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಗಂಡ-ಹೆಂಡತಿ ನಿಂತಿರುವುದು ಆ ಸಮುದ್ರದ ಮುಂದೆಯೇ. ನಾನೂ ನನ್ನ ಹೆಂಡತಿಯೂ ಅಲ್ಲಿಯೇ ನಿಂತಿದ್ದೇವೆ. ಲೈಟ್‌ಹೌಸ್ ಅನ್ನು ಚಾಚಾ ಊರ ನೀರಿನ ಟಾಕಿಯನ್ನು ನೋಡಿ ಬರೆದಿದ್ದರು. ಅವರು ಕಂಡ ಅತಿ ದೊಡ್ಡ ನೀರೆಂದರೆ ಎಡದಂಡೆ ಕಾಲುವೆ, ಹಾಗಾಗಿ ಸಮುದ್ರದ ಆಚೆಗೆ ಹಸಿರು ದಂಡೆಯನ್ನೂ, ಅದರ ಮೇಲೊಂದು ಪಂಪ್‌ಸೆಟ್ ಮನೆಯನ್ನೂ ಬರೆದುಬಿಟ್ಟಿದ್ದರು. ನಾವೆಲ್ಲ ಸಿನಿಮಾದಲ್ಲಿ ಸಮುದ್ರ ನೋಡಿದವರೇ. ಆದರೆ ಪರದೆಯ ಮುಂದೆ ನಿಂತವರು ಯಾರೂ ಹಿಂದೆ ತಿರುಗಿ ನೋಡುವುದಿಲ್ಲ.

ತಿರುಗಿ ನೋಡಿದವರು ಸದಾನಂದ ಎಂಬ ಬ್ಯಾಂಕ್ ಮ್ಯಾನೇಜರು. ಕರಾವಳಿಯಿಂದ ವರ್ಗವಾಗಿ ಬಂದವರು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಫೋಟೋಕ್ಕೆ ಬಂದಿದ್ದರು. ಪರದೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದೆಂತದು ಮಾರಾಯ್ರೆ, ಸಮುದ್ರಕ್ಕೆ ಆಚೆ ದಡ ಉಂಟಾ? ಅಲ್ಲಿ ಪಂಪು ಬೇರೆ ಇಟ್ಟಿದ್ದೀರಿ." ಕೆಟ್ಟ ಮನಸ್ಸಿನ ನಗುವಲ್ಲ ಅದು. ಚಾಚಾ ತಾವೂ ನಕ್ಕು, ಫೋಟೋ ತೆಗೆದು ಕಳಿಸಿಕೊಟ್ಟರು. ಮಾರನೆಯ ದಿನ ನೋಡಿದರೆ ಪರದೆ ಮೊಳೆಯ ಮೇಲಿರಲಿಲ್ಲ, ಗೋಡೆ ಬರಿದಾಗಿತ್ತು.

ಮೂರನೆಯ ದಿನ ನನ್ನ ಅಂಗಡಿಗೆ ಬಂದು ಗೊಬ್ಬರದ ಚೀಲದ ಮೇಲೆ ಕೂತರು.

"ವೀರೇಶಪ್ಪ, ನಲವತ್ತ ವರ್ಷ ಜನರ ಬೆನ್ನ ಹಿಂದ ಸುಳ್ಳ ನಿಂದ್ರಿಸೀನಿ. ಖರೇ ದರಿಯಾ, ಖರೇ ಸಮುದ್ರ, ಈ ಕಣ್ಣಿಂದ ನೋಡಿ, ಖರೇ ಬೆಳಕಿನ್ಯಾಗ ತಗದು ತರೋತನಕ ಆ ಗ್ವಾಡಿಗೆ ಏನೂ ಹಾಕಂಗಿಲ್ಲ."

ಮೊಬೈಲಿನಿಂದ ಒಂದು ಒಳ್ಳೆಯ ಸಮುದ್ರ ಇಳಿಸಿ ಬ್ಯಾನರ್ ಹೊಡೆಸಿಬಿಡೋಣ ಎಂದು ರಫೀಕ್ ಹೇಳಿ, ಒಂದು ವಾರ ಅಪ್ಪನ ಬಾಯಿಂದ ತನ್ನ ಹೆಸರು ಕೇಳದೆ ಒದ್ದಾಡಿದ. ನನಗೆ ಮುದುಕರ ಈ ಹಟ ಕಂಡು ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ಎಪ್ಪತ್ತಕ್ಕೆ ಬಂದ ಮನುಷ್ಯ, ಬರಿಗೋಡೆಯ ಮುಂದೆ ಗಿರಾಕಿಗಳನ್ನು ನಿಲ್ಲಿಸಿ ಕ್ಷಮೆ ಕೇಳುತ್ತಿದ್ದರು.

ಮುಂದಿನ ಮೇ ತಿಂಗಳಲ್ಲಿ ಮ್ಯಾನೇಜರಿಗೆ ಮತ್ತೆ ವರ್ಗವಾಯಿತು. ಪರದೆ ಇಳಿದ ಕತೆ ಅವರ ಕಿವಿಗೆ ಬಿದ್ದು, ಪಾಪ, ಮುಖ ಸಣ್ಣದು ಮಾಡಿಕೊಂಡು ಬಂದರು. ತಮ್ಮ ಊರಿನ ದಂಡೆಯ ಮೇಲೆ ಲೈಟ್‌ಹೌಸ್ ಇದೆ, ತಮ್ಮನ ಮನೆಯಲ್ಲಿ ಇಳಿದುಕೊಂಡು ನೋಡಿ ಬನ್ನಿ ಎಂದು ಕೈ ಹಿಡಿದು ಕೇಳಿಕೊಂಡರು. ಚಾಚಾ ಒಪ್ಪಿದರು, ಒಂದು ಷರತ್ತು ಹಾಕಿ. "ನೀವು ಊರು ಬಿಡೂದರಾಗ ಫೋಟೋ ತಂದು ತೋರಿಸ್ತೀನ್ರಿ. ಅದರಾಗ ತಪ್ಪಿದ್ರ ಹಂಗ ಬಾಯಿಬಿಟ್ಟು ಹೇಳಬೇಕು." ಅವರೊಬ್ಬರನ್ನೇ ಕಳಿಸಲು ಅವರ ಹೆಂಡತಿ ಚಾಚಿ ಒಪ್ಪಲಿಲ್ಲ. ರಫೀಕನಿಗೆ ಮದುವೆ ಸೀಜನ್ನು, ನನಗೆ ನೊಣಗಳ ಸೀಜನ್ನು. ಹೀಗೆ ನಾನು ಹೊರಟೆ.

ಸಮುದ್ರವನ್ನು ಮೊದಲು ಕಂಡಾಗ ಚಾಚಾ ಮರಳಿನ ಮೇಲೆ ಕೂತುಬಿಟ್ಟರು. "ಕಿತ್ತಾ ಬಡಾ ಹೈ ರೇ" ಎಂದು, ಎಷ್ಟು ದೊಡ್ಡದೋ ಎಂದು, ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. ಕ್ಯಾಮೆರಾ ಚೀಲದಿಂದ ಹೊರಗೆ ಬರಲೇ ಇಲ್ಲ. ಮ್ಯಾನೇಜರ ತಮ್ಮ ಎಲ್ಲರೂ ನಿಂತು ತೆಗೆಯುವ ಜಾಗ ತೋರಿಸಿದ್ದರು. ಎರಡು ಸಂಜೆ ಅಲ್ಲಿಯೇ ಕಾದೆವು. ಮುಳುಗುವ ಸೂರ್ಯನಿಗೆ ನೂರು ಮೊಬೈಲುಗಳು ಎದ್ದು ನಿಂತಿದ್ದವು. ಆ ಬೆಳಕಿನೆದುರು ಲೈಟ್‌ಹೌಸ್ ಒಂದು ಕರಿ ಬಡಿಗೆಯಷ್ಟೇ. ಚಾಚಾ ಒಂದು ಸಲವೂ ಒತ್ತಲಿಲ್ಲ. ನಾಳೆ ಹತ್ತು ಗಂಟೆಗೆ ಬಸ್ಸು, ನಾಡಿದ್ದು ಮ್ಯಾನೇಜರ ಸಾಮಾನು ಲಾರಿಗೆ ಏರುತ್ತದೆ, ಬರಿಗೈಯಲ್ಲಿ ಹೋಗಿ ಏನು ಹೇಳುತ್ತೀರಿ ಎಂದು ನಾನು ಸಿಟ್ಟಿಗೆದ್ದೆ.

ಅವರು ಜನರನ್ನು ನೋಡುತ್ತಿದ್ದರು. "ಎಲ್ಲಾರೂ ಸೂರ್ಯನ್ನ ತಗಿಯಾಕತ್ತಾರ. ಸೂರ್ಯ ಏನ್ ನೋಡಾಕತ್ತಾನಂತ ಒಬ್ರೂ ನೋಡವಲ್ರು" ಎಂದರು. ಆಮೇಲೆ ತಮ್ಮ ನೆರಳು ನೋಡಿಕೊಂಡರು. ಅದು ಸಮುದ್ರಕ್ಕೆ ಬೆನ್ನು ಮಾಡಿ ಊರ ಕಡೆಗೆ ಬಿದ್ದಿತ್ತು. ಚಾಚಾ ಹಣೆ ಬಡಿದುಕೊಂಡರು. "ಹುಚ್ಚ ನಾನು. ನಮ್ಮ ಗುಡ್ಡಕ್ಕ ಸಂಜಿ ಬೆಳಕು, ಇಲ್ಲಿ ದರಿಯಾಕ್ಕ ಮುಂಜಾನಿ ಬೆಳಕು."

ಬೆಳಗಿನ ಜಾವ ದಂಡೆಯಲ್ಲಿ ನಾವಿಬ್ಬರು ಮತ್ತು ಬಲೆ ಬಿಡಿಸುವ ನಾಲ್ಕು ಜನ ಮಾತ್ರ. ಲೈಟ್‌ಹೌಸಿಗೆ ಮೂಡಲದಲ್ಲಿ ಒಂದು ಅಗಲವಾದ ಕರಿಗಲ್ಲಿತ್ತು, ಚಾಚಾ ಅದನ್ನು ಹತ್ತಿ ನಿಂತರು. ಸಮುದ್ರದ ಮೇಲೆ ಮಳೆಮೋಡ ನೀರಿನ ತನಕ ಇಳಿದಿತ್ತು, ಮೂಡಲವೂ ಮುಚ್ಚಿತ್ತು. ಆ ಕತ್ತಲೆಗೋ ಏನೋ ದೀಪ ಇನ್ನೂ ಆರಿರಲಿಲ್ಲ, ತಿರುಗಿ ತಿರುಗಿ ನಮ್ಮ ಕಡೆ ಮಿಂಚುತ್ತಿತ್ತು. ಚಾಚಾ ಆ ಮಿಂಚಿಗೆ ಬಾಯಲ್ಲೇ ಎಣಿಸತೊಡಗಿದರು. ಎಣಿಸಿ ಎಣಿಸಿ ಅದರ ತಾಳ ಹಿಡಿದುಕೊಂಡರು. ಇವತ್ತು ಮೋಡ ತೆರೆಯದಿದ್ದರೆ ಈ ಮನುಷ್ಯ ತಮ್ಮ ಬರಿಗೋಡೆಯ ಮುಂದೆಯೇ ಮುಗಿದುಹೋಗುತ್ತಾರೆ ಎಂದು ಅನ್ನಿಸಿತು.

ಬೆನ್ನ ಹಿಂದೆ ತೆಂಗಿನ ತಲೆಗಳ ಮೇಲೆ ಸೂರ್ಯ ಹೊರಬಂದ. ಕರಿಮೋಡದ ಮುಂದೆ ಲೈಟ್‌ಹೌಸ್ ಬುಡದಿಂದ ತುದಿಯವರೆಗೆ ಹೊತ್ತಿಕೊಂಡಿತು, ಬಂಡೆಗೆ ಬಡಿದ ತೆರೆಯ ನೊರೆ ಹೊಳೆಯಿತು, ಅದರ ಹಿಂದಿನ ನೀರು ಕಡುಹಸಿರಾಯಿತು. ಚಾಚಾ ಇನ್ನೂ ಎಣಿಸುತ್ತಿದ್ದರು. ದೀಪ ನಮ್ಮ ಕಡೆ ತಿರುಗಿ ಮಿಂಚಿದ ಗಳಿಗೆಗೆ ಒತ್ತಿದರು. ಒಂದೇ ಸಲ. ಇನ್ನೊಂದು ತೆಗೀರಿ ಎಂದು ನಾನು ಅಂಗಲಾಚುತ್ತಿದ್ದಂತೆ ಅವರು ಲೆನ್ಸಿಗೆ ಮುಚ್ಚಳ ಹಾಕಿದರು. "ಬಂತಂದ್ರ ಬಂತು." ಅಷ್ಟರಲ್ಲಿ ಮೋಡ ಮುಚ್ಚಿತು.

ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನಾನು ನೋಡಿದೆ. ಬಂದಿತ್ತು. ಸಮುದ್ರ, ಬೆಳಕು, ದೀಪ, ಮೂರೂ ಒಂದೇ ಕ್ಷಣದಲ್ಲಿ ಬಂದಿದ್ದವು. ಗೊಬ್ಬರ ಮಾರುವ ನಾನು ಆ ಕಲ್ಲಿನ ಮೇಲೆ ಚಾಚಾನನ್ನು ತಬ್ಬಿಕೊಂಡು ಅತ್ತೆ, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಬಲೆ ಬಿಡಿಸುತ್ತಿದ್ದವರೂ ಹತ್ತಿ ಬಂದರು, ನೋಡಿದರು, ತಮ್ಮ ಲೈಟ್‌ಹೌಸನ್ನು ಒಮ್ಮೆ ತಿರುಗಿ ನೋಡಿದರು. ಚಾಚಾ ಪೈಜಾಮ ಮಡಚಿಕೊಂಡು ಮೊದಲ ಸಲ ನೀರಿಗೆ ಇಳಿದರು.

ರಾತ್ರೋರಾತ್ರಿ ಗೋಡೆಯಷ್ಟು ಅಗಲದ ಬಟ್ಟೆಯ ಮೇಲೆ ಅಚ್ಚಾಗಿ ಅದು ಸ್ಟುಡಿಯೋದಲ್ಲಿ ತೂಗಿದ ದಿನ, ಮ್ಯಾನೇಜರು ಲಾರಿಯನ್ನು ರಸ್ತೆಯ ಮೇಲೆ ನಿಲ್ಲಿಸಿ ಒಳಗೆ ಬಂದರು. ಬಾಗಿಲಲ್ಲಿ ಅರ್ಧ ಊರೇ ನೆರೆದಿತ್ತು. ಅವರು ಹತ್ತಿರ ಹೋಗಿ ತೆರೆಯ ನೊರೆಗೆ ಬೆರಳು ಹಚ್ಚಿ ನೋಡಿದರು.

"ತಪ್ಪೇನೈತಿ ಹೇಳ್ರಿ ಸರ್" ಎಂದರು ಚಾಚಾ.

"ತಪ್ಪು ನನ್ನದು ಮಾರಾಯ್ರೆ. ಅಲ್ಲೇ ಹುಟ್ಟಿ ಬೆಳೆದವ ನಾನು. ಇಷ್ಟು ವರ್ಷ ಬೆಳಿಗ್ಗೆ ಎದ್ದದ್ದೇ ದಂಡ."

ಬಾಗಿಲಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಮ್ಯಾನೇಜರು ಹೆಂಡತಿ ಮಕ್ಕಳನ್ನು ಲಾರಿಯಿಂದ ಇಳಿಸಿ ತಮ್ಮೂರಿನ ಮುಂದೆಯೇ ನಿಂತರು. ಚಾಚಾನ ಮುಖದಲ್ಲಿ ಅವತ್ತು ಇದ್ದ ಕಳೆ ಅವರ ಮಗನ ಮದುವೆಯಲ್ಲೂ ಇರಲಿಲ್ಲ. ಅವತ್ತಿನಿಂದ ವಾರವಿಡೀ ಸ್ಟುಡಿಯೋದ ಮುಂದೆ ಸಾಲು. ಹಳೆಯ ದಂಪತಿಗಳೂ ಮತ್ತೊಮ್ಮೆ ಬಂದು ನಿಂತರು, ನನ್ನ ಹೆಂಡತಿ ನನ್ನನ್ನೂ ಎಳೆದುಕೊಂಡು ಹೋದಳು.

ಮುಂದಿನ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಗೋರಿಗೆ ಹೂ ಏರಿಸುವ ಮೂರನೆಯ ದಿನದ ಜಿಯಾರತ್‌ಗೆ ಮ್ಯಾನೇಜರು ಅಷ್ಟು ದೂರದಿಂದ ಬಂದಿದ್ದರು. ಪಡಸಾಲೆಯಲ್ಲಿ ಕೂತು ರಫೀಕನಿಗೂ ನನಗೂ ಒಂದು ಸುದ್ದಿ ಹೇಳಿದರು. ಆ ಬಲೆಯವರು ಊರಲ್ಲೆಲ್ಲ ಹೇಳಿಕೊಂಡು ತಿರುಗಿ, ಈಗ ಫೋಟೋ ತೆಗೆಯುವವರು ಬೆಳಿಗ್ಗೆಯೇ ಬರುತ್ತಾರಂತೆ, ಆ ಕರಿಗಲ್ಲನ್ನೇ ಹತ್ತುತ್ತಾರಂತೆ. ಊರಿನವರು ಅದಕ್ಕೆ ಸಾಯ್ಬರ ಕಲ್ಲು ಎಂದು ಹೆಸರಿಟ್ಟಿದ್ದಾರಂತೆ.

ಒಳಕೋಣೆಯ ಪರದೆಯ ಹಿಂದೆ ಚಾಚಿ ಕೂತಿದ್ದರು.

"ವೀರೇಶಪ್ಪ, ನನ್ನ ಇದ್ದತ್ ಮುಗೀಲಿ, ನಾಕು ತಿಂಗಳ ಹತ್ತು ದಿನ ನಾ ಮನಿ ಬಿಡಂಗಿಲ್ಲ" ಎಂದರು. "ಆಮ್ಯಾಲ ನನ್ನ ಕರಕೊಂಡು ಹೋಗು. ನಮ್ಮ ಸಾಹೇಬ್ರ ಕಲ್ಲಿನ ಮ್ಯಾಲ ನಾ ನಿಂದ್ರಬೇಕು."