ಒಣ ಬಸ್ಸಿನ ದನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತೆಂಟು ಮಂದಿ ಪರದೇಶದವರಿಗೆ ಗೋವಾದ ಝುವಾರಿನಗರದ ಒಂದು ಸಿಮೆಂಟ್ ಗೋದಾಮನ್ನು ನಾನೂರು ವರ್ಷ ಹಳೆಯ ಚರ್ಚು ಎಂದು ಹೇಳಿದವನು ನಾನೇ. ಅವರು ಫೋಟೋ ತೆಗೆದರು. ಒಬ್ಬಿಬ್ಬರು ಟೋಪಿಯನ್ನೂ ತೆಗೆದರು. ಆ ಫೋಟೋಗಳು ಈಗ ಯಾವ ಯಾವ ದೇಶದ ಗೋಡೆಯ ಮೇಲಿವೆಯೋ. ಗೋದಾಮಿನವರಿಗಂತೂ ಈ ಗೌರವದ ವಿಷಯ ಇನ್ನೂ ತಿಳಿದಿಲ್ಲ.

ಇದೆಲ್ಲ ನೆನಪಾದದ್ದು ಮೊನ್ನೆ ವಾಸ್ಕೋದ ಕಿರಾಣಿ ಅಂಗಡಿಯಲ್ಲಿ ಜ್ಯೇಷ್ಠಮಧುವಿನ ವಾಸನೆ ಮೂಗಿಗೆ ಬಡಿದಾಗ. ಆ ವಾಸನೆ ಬಂದರೆ ದೇಸಾಯಿ ಮಾಸ್ತರರೇ ಬಂದಂತೆ. ಧಾರವಾಡದಿಂದ ಬಂದು ನಮ್ಮ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರು, ಅದೇ ಇಂಗ್ಲಿಷಿನಲ್ಲಿ ನನ್ನನ್ನು ಎರಡು ಸಲ ನಪಾಸು ಮಾಡಿದವರು, ನಿವೃತ್ತರಾದ ಮೇಲೆ ಬಂದರಿಗೆ ಬರುವ ಪ್ರವಾಸಿ ಹಡಗಿನವರಿಗೆ ಗೈಡ್ ಆದವರು. ದವಡೆಯಲ್ಲಿ ಸದಾ ಜ್ಯೇಷ್ಠಮಧುವಿನ ಒಂದು ತುಂಡು. ನಾನು ಅದೇ ಬಸ್ಸಿನ ಕ್ಲೀನರ್. ಪಾಸಾಗಿದ್ದರೂ ನಪಾಸಾಗಿದ್ದರೂ ಇಂಗ್ಲಿಷ್ ನಮ್ಮಿಬ್ಬರನ್ನೂ ಕರೆತಂದು ಒಂದೇ ಬಸ್ಸಿಗೆ ಹತ್ತಿಸಿತ್ತು.

ಬಸ್ಸಿನ ಬಗ್ಗೆಯೂ ಎರಡು ಮಾತು ಹೇಳಬೇಕು. ಹಡಗು ಬೆಳಿಗ್ಗೆ ಬಂದು ಸಂಜೆ ಹೊರಡುತ್ತದೆ. ನಡುವೆ ಸಿಗುವ ಹೊತ್ತಿನಲ್ಲಿ ಹೆಚ್ಚಿನವರು ಬೀಚಿಗೆ ಓಡುತ್ತಾರೆ, ದೋಣಿ ಹತ್ತಿ ಡಾಲ್ಫಿನ್ ಹುಡುಕುತ್ತಾರೆ. ಆದರೆ ಎಂಟೊಂಬತ್ತು ದಿನ ಬರೀ ನೀರನ್ನೇ ನೋಡಿ ಬೇಸತ್ತವರೂ ಇರುತ್ತಾರಲ್ಲ? ಮೊಣಕಾಲು ನೋವಿನವರು, ಹಡಗಿನಲ್ಲಿ ವಾಂತಿ ಮಾಡಿಕೊಂಡು ಸುಸ್ತಾದವರು, ಗಂಡನ ಈಜುಚಡ್ಡಿ ನೋಡಿ ಸಾಕಾದವರು. ಅವರಿಗಾಗಿ ನಮ್ಮ ಬಸ್ಸು. ದೋಣಿಯಿಲ್ಲ, ಮರಳಿಲ್ಲ, ಅಲೆಯಿಲ್ಲ. ಹಳೆಯ ಚರ್ಚು, ಮಸಾಲೆ ತೋಟ, ಊಟ, ವಾಪಸ್ಸು. ನಮ್ಮ ಡ್ರೈವರ್, ವಿಜಯಪುರದ ದಸ್ತಗೀರ ಮಾಮಾ, ಇದಕ್ಕೆ ಒಣ ಬಸ್ಸು ಎಂದು ಹೆಸರಿಟ್ಟಿದ್ದ. ಗೋವಾದಲ್ಲಿ ಜನರಿಗೆ ನೀರು ಕಾಣದಂತೆ ಬಸ್ಸು ಓಡಿಸುವುದು ಸುಲಭದ ಕೆಲಸವಲ್ಲ. ನದಿ ಬಂದಾಗಲೆಲ್ಲ ಮಾಸ್ತರರು ಎದುರಿನ ಗುಡ್ಡ ತೋರಿಸುತ್ತಿದ್ದರು.

ನನ್ನ ಕೆಲಸ ನೀರಿನ ಬಾಟಲಿ ಹಂಚುವುದು. ಒಣ ಬಸ್ಸಿನವರಷ್ಟು ನೀರು ಕುಡಿಯುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಿಡುವಿನ ಕೆಲಸ, ಜನರ ನಕಲು. ದಸ್ತಗೀರ ಮಾಮಾ ಗೇರು ಹಾಕುವಾಗ ನರಳುವುದನ್ನು ಮಾಡುತ್ತಿದ್ದೆ. ಪ್ರವಾಸದ ಏಜೆನ್ಸಿಯ ಸಾಹೇಬ, ಬೆಳಗಾವಿಯವನು, ಫೋನಿನಲ್ಲಿ ದೊಡ್ಡವರಿಗೆ ನಗುವ ನಗು ಬೇರೆ, ನಮಗೆ ನಗುವ ನಗು ಬೇರೆ, ಎರಡನ್ನೂ ಮಾಡುತ್ತಿದ್ದೆ. ಎಲ್ಲಕ್ಕಿಂತ ಚೆಂದ ಕೂಡಿಬರುತ್ತಿದ್ದದ್ದು ಮಾಸ್ತರರ ಭಾಷಣ. ‘ಲೇಡೀಸ್ ಆ್ಯಂಡ್ ಜಂಟಲ್‌ಮೆನ್’ನಿಂದ ಹಿಡಿದು ಕೊನೆಯ ‘ಥ್ಯಾಂಕ್ಯೂ’ವರೆಗೆ, ನಡುವಿನ ಕೆಮ್ಮು ಸಹಿತ, ನನಗೆ ಬಾಯಿಪಾಠ. ಅರ್ಥ ಗೊತ್ತಿರಲಿಲ್ಲ. ಮಗ್ಗಿ ಒಪ್ಪಿಸುವವನಿಗೆ ಅರ್ಥ ಯಾಕೆ ಬೇಕು? ಮಗ್ಗಿಯ ಹಾಗೆಯೇ ಅದನ್ನು ನಡುವಿನಿಂದ ಶುರು ಮಾಡಲೂ ಬರುತ್ತಿರಲಿಲ್ಲ.

ಒಂದು ಫೆಬ್ರುವರಿಯಲ್ಲಿ ಮಾಸ್ತರರ ದನಿ ಹೋಯಿತು. ಶೀತವಲ್ಲ, ಕೆಮ್ಮಲ್ಲ, ದನಿಯೇ ಇಲ್ಲ. ಹಿಂದಿನ ಹಡಗಿನ ದಿನವೂ ಹೀಗೇ ಆಗಿ ಅರ್ಧ ದಾರಿ ಮೌನವಾಗಿ ಸಾಗಿತ್ತು. ‘ಇನ್ನೊಮ್ಮೆ ಹಿಂಗಾದ್ರ ಬ್ಯಾಡ್ಜ್ ಕೊಟ್ಟು ಹೋಗ್ರಿ ಮಾಸ್ತರ್ರ’ ಎಂದಿದ್ದ ಸಾಹೇಬ. ಮಾಸ್ತರರು ಗೈಡ್ ಕೆಲಸ ಬಿಟ್ಟು ಬೇರೆ ಯಾವುದಕ್ಕೂ ಟೈ ಕಟ್ಟುತ್ತಿರಲಿಲ್ಲ. ಮಗಳ ಮದುವೆಗೂ ಕಟ್ಟಿರಲಿಲ್ಲ. ಆ ಬೆಳಿಗ್ಗೆ ಬಂದರಿನ ಗೇಟಿನ ಬಳಿ ಅವರು ಟೈ ಕಟ್ಟಿಕೊಂಡು ನಿಂತಿದ್ದರು, ಕುತ್ತಿಗೆ ಮುಟ್ಟಿ ತೋರಿಸಿ ತಲೆಯಾಡಿಸಿದರು. ಕಣ್ಣಲ್ಲಿ ನೀರಿತ್ತು. ಒಣ ಬಸ್ಸಿಗೆ ಅದು ಹೇಳಿಸಿದ್ದಲ್ಲ.

‘ಲೇ, ದಿನಾ ಮಾಸ್ತರ್‌ಗತೆ ಮಾತಾಡಿ ನಗಸ್ತೀಯಲ್ಲ, ಇವತ್ತು ಖರೇ ಖರೇ ಮಾತಾಡು’ ಎಂದ ದಸ್ತಗೀರ ಮಾಮಾ.

ಡ್ರೈವರ್ ಕ್ಯಾಬಿನ್ನಿಗೂ ಪ್ರಯಾಣಿಕರಿಗೂ ನಡುವೆ ಒಂದು ಪರದೆ ಇತ್ತು. ಮಾಸ್ತರರು ಅದರ ಆಚೆ, ಕೆಟ್ಟು ಮೂಲೆ ಸೇರಿದ್ದ ಮೈಕು ಹಿಡಿದು, ಜನರ ಮುಂದೆ ತುಟಿ ಆಡಿಸುತ್ತ ನಿಂತರು. ನಾನು ಈಚೆ, ಇಂಜಿನ್ನಿನ ಕಾದ ಬಾನೆಟ್ಟಿನ ಮೇಲೆ, ನಿಜವಾದ ಮೈಕು ಹಿಡಿದು ಕೂತೆ. ಒಪ್ಪಿಸುವಾಗ ಕಣ್ಣು ಮುಚ್ಚುವುದು ಶಾಲೆಯಿಂದ ಬಂದ ಅಭ್ಯಾಸ. ಮುಚ್ಚಿದೆ. ಶುರು ಮಾಡಿದೆ. ಕೆಮ್ಮುವಲ್ಲಿ ಕೆಮ್ಮಿದೆ. ಆಚೆಯಿಂದ ನಗು ಕೇಳಿಸಿತು, ಚಪ್ಪಾಳೆಯೂ ಕೇಳಿಸಿತು. ನಾನು ಇಷ್ಟು ದಿನ ಬಾಟಲಿ ಹಂಚಿ ಜೀವನ ಹಾಳು ಮಾಡಿಕೊಂಡೆ ಅನ್ನಿಸಿತು.

ಕಣ್ಣು ಮುಚ್ಚಿದ್ದರಿಂದ ಒಂದು ಸಂಗತಿ ನನಗೆ ತಿಳಿಯಲಿಲ್ಲ. ಮುಂದೆ ಹೆದ್ದಾರಿಯಲ್ಲಿ ಅದಿರು ಲಾರಿಯೊಂದು ಮಗುಚಿ ಬಸ್ಸು ಮುಕ್ಕಾಲು ಗಂಟೆ ನಿಂತಿತ್ತು. ಇಂಜಿನ್ ನಡುಗುತ್ತಲೇ ಇತ್ತಾದ್ದರಿಂದ ನಾನು ಮಾತ್ರ ಹೋಗುತ್ತಲೇ ಇದ್ದೆ. ಬೇಸತ್ತ ದಸ್ತಗೀರ ಮಾಮಾ ಬಸ್ಸನ್ನು ಝುವಾರಿನಗರದ ಒಳದಾರಿಗೆ ತಿರುಗಿಸುವ ಹೊತ್ತಿಗೆ ಭಾಷಣ ಹಳೆಯ ಗೋವಾ ಮುಟ್ಟಿತ್ತು. ‘ಆನ್ ಯುವರ್ ಲೆಫ್ಟ್’ ಎಂದೆ. ಎಡಕ್ಕೆ ಗೋದಾಮು.

ಮಾಮಾ ತೊಡೆ ಚಿವುಟಿದ. ಕಣ್ಣು ಬಿಟ್ಟರೆ ನಮ್ಮ ಮನೆಗೆ ಹೋಗುವ ದಾರಿ! ನಿಲ್ಲಿಸಿದರೆ ಮತ್ತೆ ‘ಲೇಡೀಸ್ ಆ್ಯಂಡ್ ಜಂಟಲ್‌ಮೆನ್’ನಿಂದಲೇ ಶುರು ಮಾಡಬೇಕು. ಕಣ್ಣು ಇನ್ನಷ್ಟು ಗಟ್ಟಿಯಾಗಿ ಮುಚ್ಚಿಕೊಂಡು ಮುಂದುವರಿಸಿದೆ. ಗೋಪುರ, ಗಂಟೆ, ಎಲ್ಲ ಮುಗಿದು ಭಾಷಣದಲ್ಲಿ ಮಸಾಲೆ ತೋಟ ಬಂತು. ‘ಸ್ಪೈಸ್’ ಎನ್ನುವುದಕ್ಕೂ ಓಣಿಯಲ್ಲಿ ತಾಡಪತ್ರಿ ಹಾಸಿ ಒಣಗಿಸಿದ್ದ ಬ್ಯಾಡಗಿ ಮೆಣಸಿನಕಾಯಿ ಕಾಣುವುದಕ್ಕೂ ಸರಿಹೋಯಿತು. ಇಡೀ ಭಾಷಣದಲ್ಲಿ ನಿಜವಾದದ್ದು ಅದೊಂದೇ. ಮೂವತ್ತೆಂಟು ಜನ ‘ಸ್ಟಾಪ್’ ಎಂದು ಕೂಗಿದರು. ದಸ್ತಗೀರ ಮಾಮಾನಿಗೆ ಗೊತ್ತಿದ್ದ ಇಂಗ್ಲಿಷ್ ಅದು. ನಿಲ್ಲಿಸಿ, ಬೀಡಿ ಸೇದಲು ತಾನೂ ಇಳಿದ.

ಎಲ್ಲರೂ ಇಳಿದರು. ಮಾಸ್ತರರನ್ನು ಕೈಹಿಡಿದು ಇಳಿಸಿಕೊಂಡರು. ಒಳಗೆ ಉಳಿದವನು ನಾನು, ಕಣ್ಣು ಮುಚ್ಚಿಕೊಂಡು, ‘ಪ್ಲೀಸ್ ಫಾಲೋ ಮೀ’ ಎನ್ನುತ್ತ.

ಆ ಮೆಣಸಿನಕಾಯಿ ನಮ್ಮ ಅವ್ವನದು. ಅವಳ ಎದುರಿಗೆ ಮಾಸ್ತರರು ಬಾಯಿ ಮುಚ್ಚಿಕೊಂಡು ನಿಂತಿದ್ದಾರೆ. ಮಾಸ್ತರರ ದನಿ ಬಸ್ಸಿನೊಳಗೆ ಕೆಮ್ಮುತ್ತಿದೆ. ಪರದೇಶದವರು ಒಮ್ಮೆ ಅವರನ್ನು, ಒಮ್ಮೆ ಬಸ್ಸನ್ನು ನೋಡಿದರು. ಅವ್ವ ಯಾರನ್ನೂ ನೋಡಲಿಲ್ಲ. ಮನೆಯಲ್ಲಿ ದಿನಾ ಈ ಕೆಮ್ಮು ಕೇಳಿದವಳು. ನೇರ ಬಸ್ಸು ಹತ್ತಿ ಪರದೆ ಎಳೆದಳು.

‘ಮಾಸ್ತರು ಅಲ್ಲಿ ನಿಂತಾರ. ನೀ ಇಲ್ಲಿ ಕುಂತು ಯಾರಿಗೆ ಪಾಠ ಹೇಳಾಕತ್ತಿ?’

ಕೆಂಪು ಟೋಪಿಯ ಮುದುಕಿಯೊಬ್ಬಳು ಅವಳ ಹಿಂದೆಯೇ ಹತ್ತಿ ಬಂದು, ನನ್ನನ್ನು ನೋಡಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಕೈಯಲ್ಲಿ ತಂದಿದ್ದ ಒಂದು ಮೆಣಸಿನಕಾಯಿ ಎತ್ತಿ ಹಿಡಿದು ಏನೋ ಕೇಳಿದಳು. ಖಾರವಿದೆಯೇ ಎಂದಿರಬೇಕು. ನಾನು ಮಾಸ್ತರರ ದನಿಯಲ್ಲೇ, ಅತ್ಯಂತ ವಿನಯದಿಂದ, ‘ಬಿಲ್ಟ್ ಇನ್ ಸಿಕ್ಸ್‌ಟೀನ್ತ್ ಸೆಂಚುರಿ’ ಎಂದೆ.

ಸಂಜೆ ಬಂದರಿನಲ್ಲಿ ಸಾಹೇಬ ಪ್ರಯಾಣಿಕರು ಬರೆದುಕೊಟ್ಟ ಚೀಟಿಗಳನ್ನು ಓದುತ್ತ ನಿಂತ. ಮುದುಕಿಯ ಚೀಟಿಗೆ ಬಂದವನು ಎರಡು ಸಲ ಓದಿದ. ‘ಗೈಡ್ ಬಹಳ ಚೆನ್ನಾಗಿದ್ದರು, ಇಬ್ಬರೂ’ ಎಂದಿತ್ತಂತೆ. ದಸ್ತಗೀರ ಮಾಮಾನನ್ನು ಕರೆದು ವಿಚಾರಿಸಿ ಎಲ್ಲ ತಿಳಿದುಕೊಂಡ. ಬೈಯುತ್ತಾನೆ ಎಂದುಕೊಂಡರೆ ನನ್ನತ್ತ ತಿರುಗಿ ನಕ್ಕ, ದೊಡ್ಡವರಿಗೆ ನಗುವ ನಗು.

‘ಇವಾ ಇಷ್ಟು ಚಲೋ ಮಾತಾಡ್ತಾನಂದ್ರ ಇನ್ನ ನೀವ್ಯಾಕ ತ್ರಾಸ ತಗೋತೀರಿ, ಮಾಸ್ತರ್ರ? ಮುಂದಿನ ಹಡಗಿಗೆ ಇವನ ಸಾಕು. ಬ್ಯಾಡ್ಜ್ ಇವಂಗ ಕೊಡ್ರಿ.’

ಮಾಸ್ತರರ ಕೈ ಎದೆಯ ಮೇಲಿನ ಬ್ಯಾಡ್ಜಿಗೆ ಹೋಯಿತು. ಈ ಹೊತ್ತಿನಲ್ಲಿ ನಾನು ‘ಬ್ಯಾಡ್ರಿ’ ಎನ್ನಬೇಕಿತ್ತು. ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ. ಗೋದಾಮಿಗಿಂತ ದೊಡ್ಡ ತಪ್ಪು ಅದು. ಮೊದಲ ಸಾಲಿನಲ್ಲಿ ಅದನ್ನೇ ಒಪ್ಪಿಕೊಳ್ಳಬೇಕಿತ್ತು, ಧೈರ್ಯವಾಗಲಿಲ್ಲ.

ಮಾಸ್ತರರ ದನಿ ಆಮೇಲೆ ವಾಪಸ್ಸು ಬಂತು, ಎರಡು ವರ್ಷ ಅವರೇ ಗೈಡ್ ಆಗಿದ್ದರು. ನಾನೀಗ ಅದೇ ಬಸ್ಸು ಓಡಿಸುತ್ತೇನೆ, ಯಾರಾದರೂ ಕೇಳಿದರೆ ಅವರ ಕೆಮ್ಮನ್ನು ಈಗಲೂ ಮಾಡಿ ತೋರಿಸುತ್ತೇನೆ. ಆದರೆ ಅಂದು ಅವರು ಹೇಳಿದ ಒಂದು ಮಾತನ್ನು ನಕಲು ಮಾಡಲು ನನ್ನಿಂದ ಆಗಿಲ್ಲ. ಅದರಲ್ಲಿ ದನಿಯೇ ಇರಲಿಲ್ಲ, ಬರೀ ಉಸಿರು. ಬ್ಯಾಡ್ಜು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು, ಸಾಹೇಬನ ಕಿವಿಯ ಹತ್ತಿರ ಬಗ್ಗಿದರು.

‘ಕೊಟ್ಟೇನ್ರಿ. ಈಗ ಅವಂಗ ಇಂಗ್ಲಿಷ್‌ನ್ಯಾಗ ಒಂದು ಪ್ರಶ್ನಿ ಕೇಳ್ರಿ.’