ವ್ಯತ್ಯಾಸಪ್ಪ

ಹೆರಿಗೆ ಆಸ್ಪತ್ರೆಯ ಕಂಪ್ಯೂಟರ್ ಗುಮಾಸ್ತನಿಗೆ ನರ್ಸಮ್ಮಂದಿರು ಇಟ್ಟ ಹೆಸರು ವ್ಯತ್ಯಾಸಪ್ಪ. ಎಳೆಗೂಸುಗಳ ತೂಕ ದಿನವೂ ಅವನ ಕಂಪ್ಯೂಟರಿಗೆ ಬರುತ್ತದೆ. ಇವತ್ತಿನದರಲ್ಲಿ ನಿನ್ನೆಯದನ್ನು ಕಳೆದು ಯಾವ ಕೂಸು ಏರಿತು, ಯಾವುದು ಇಳಿಯಿತು ಎಂದು ಹೇಳುವುದೇ ಅವನ ಕೆಲಸ. ಈ ಚಾಳಿ ಮನೆಯಲ್ಲೂ ಬಿಟ್ಟಿಲ್ಲ. ಊಟ ಹೇಗಿದೆ ಎಂದು ಹೆಂಡತಿ ಕೇಳಿದರೆ "ನಿನ್ನೆಗಿಂತ ಉಪ್ಪು ಒಂದು ಚಿಟಿಕೆ ಜಾಸ್ತಿ" ಎನ್ನುತ್ತಾನೆ. "ನಿನ್ನೆಗಿಂತ ನನ್ ಸಿಟ್ಟೂ ಜಾಸ್ತಿ, ಅದನ್ನೂ ಬರ್ಕೊಳ್ಳಿ" ಎಂದು ಅವಳು ತಟ್ಟೆ ಎಳೆದುಕೊಳ್ಳುತ್ತಾಳೆ. ಬಡಕಲು ಕೂಸೊಂದು ಇಪ್ಪತ್ತು ಗ್ರಾಂ ಏರಿದರೆ ಸಾಕು, ವಾರ್ಡಿಗೆ ಓಡಿ "ತಂಗೀ, ನಿನ್ ರಾಜ ಏರಿದ ಕಣಮ್ಮ!" ಎಂದು ಕೂಗಿ, ಮಲಗಿದ್ದ ಮಕ್ಕಳನ್ನೆಲ್ಲ ಎಬ್ಬಿಸಿ, ನರ್ಸಮ್ಮನಿಂದ ಬೈಸಿಕೊಂಡು ನಗುತ್ತ ಹಿಂದಿರುಗುತ್ತಾನೆ. ತಿಂಗಳ ವರದಿಯ ದಿನ ಮಾತ್ರ ಅವನ ಹುಬ್ಬು ಗಂಟಾಗುತ್ತದೆ. ಪ್ರತಿ ಕೂಸಿನ ಲೆಕ್ಕದಲ್ಲೂ, ಕಳೆಯಲು ಹಿಂದಿನ ತೂಕವಿಲ್ಲದ ಮೊದಲ ಸಾಲನ್ನು ಕಂಪ್ಯೂಟರ್ ತಾನಾಗಿಯೇ ಬಿಟ್ಟುಬಿಡುತ್ತದೆ. ಹಾಗಾಗಿ ಹುಟ್ಟಿದಾಗ ಒಮ್ಮೆ ತೂಗಿಸಿಕೊಂಡು, ಎರಡನೆಯ ತೂಕಕ್ಕೆ ಉಳಿಯದ ಕೂಸು ವರದಿಯಲ್ಲೇ ಇರುವುದಿಲ್ಲ. ವರದಿ ಚೆಂದ ಕಾಣುತ್ತದೆ, ಆ ಕೂಸು ಏಕೆ ಹೋಯಿತೆಂದು ಕೇಳುವವರೂ ಇರುವುದಿಲ್ಲ. "ಇರೋದೊಂದೇ ತೂಕ, ಯಾವುದರಲ್ಲಿ ಯಾವುದನ್ನ ಕಳೀತೀರಿ? ಬಿಟ್ಬಿಡಿ" ಎನ್ನುತ್ತಾರೆ ಆಸ್ಪತ್ರೆಯ ಸಾಹೇಬರು. "ಕಳೆಯೋದು ಬೇಡ ಸಾರ್. ಒಂದು ಕೂಸು ಬಂದಿತ್ತು ಅಂತ ಹೇಳೋಣ" ಎನ್ನುತ್ತಾನೆ ವ್ಯತ್ಯಾಸಪ್ಪ. ಅಂಥ ಕೂಸುಗಳ ತೂಕವನ್ನು ವರದಿಯ ಮೊದಲ ಪುಟಕ್ಕೆ ತಾನೇ ಟೈಪು ಮಾಡಿ, ಸಾಹೇಬರು ಸಹಿ ಹಾಕುವವರೆಗೆ ಮೇಜಿನ ಮುಂದೆ ನಿಂತೇ ಇರುತ್ತಾನೆ.